ಹಸಿ ಸೌದೆಯ ಹೊಗೆ: ವಸಡಿನ ರೋಗ ಮತ್ತು ಶ್ವಾಸಕೋಶದ ಕ್ಯಾನ್ಸರ್



ವಸಡಿನ ರೋಗ ಇದ್ದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು, ಆದ್ದರಿಂದ ದಿನಕ್ಕೆ ಎರಡು ಸಲ ಹಲ್ಲುಜ್ಜಿ. ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಈಚೆಗೆ ಇಂಥ ಮಾತು ಆಗಾಗ ಕಣ್ಣಿಗೆ ಬೀಳುತ್ತದೆ. ಇದರ ಮೊದಲರ್ಧ ಬಹುಮಟ್ಟಿಗೆ ನಿಜ. ಕೊನೆಯ ಸಲಹೆಯ ಬಗ್ಗೆ ಯಾರದೂ ತಕರಾರಿಲ್ಲ. ನನ್ನ ಇಂದಿನ ಉಪನ್ಯಾಸವೆಲ್ಲ ನಡುವಿನ 'ಆದ್ದರಿಂದ' ಎಂಬ ಒಂದು ಪದದ ಮೇಲೆ. ಆ ಪದವನ್ನು ಬಳಸುವ ಹಕ್ಕು ನಮಗೆ ಇನ್ನೂ ದಕ್ಕಿಲ್ಲ ಎಂಬುದು ನನ್ನ ವಾದ. ಬಾಯಿ ಶ್ವಾಸಕೋಶದ ವಿಚಾರವಾಗಿ ಬಹಳಷ್ಟನ್ನು ಹೇಳುತ್ತದೆ. ಆದರೆ ಬಾಯಿಯೇ ಶ್ವಾಸಕೋಶಕ್ಕೆ ಕ್ಯಾನ್ಸರ್ ತರುತ್ತದೆ ಎನ್ನುವುದು ಬೇರೆ ಮಾತು, ಅದು ಸಿದ್ಧವಾಗಿಲ್ಲ. ಇವೆರಡನ್ನು ಕಲಸಿಬಿಟ್ಟರೆ ಬಾಯಿ ಹೇಳುತ್ತಿರುವ ಉಪಯುಕ್ತ ಮಾತೂ ನಮ್ಮ ಕಿವಿಗೆ ಬೀಳದೆ ಹೋಗುತ್ತದೆ. 2022ರ ಅಂದಾಜಿನಂತೆ ಜಗತ್ತಿನಲ್ಲಿ ಆ ಒಂದೇ ವರ್ಷ ಸುಮಾರು 24.8 ಲಕ್ಷ ಜನರಿಗೆ ಹೊಸದಾಗಿ ಶ್ವಾಸಕೋಶದ ಕ್ಯಾನ್ಸರ್ ಬಂತು, 18 ಲಕ್ಷಕ್ಕೂ ಹೆಚ್ಚು ಜನ ಅದರಿಂದ ಸತ್ತರು. ತೀವ್ರ ವಸಡಿನ ರೋಗ ಇರುವವರು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ನೂರು ಕೋಟಿಗೂ ಮೇಲು. ಇಷ್ಟು ದೊಡ್ಡ ಎರಡು ಗುಂಪುಗಳ ನಡುವೆ ನಂಟು ಹೇಳುವಾಗ ಪದಗಳನ್ನು ತೂಗಿಯೇ ಆಡಬೇಕು.

ಈ ತೂಕಕ್ಕೆ ಬೇಕಾದ ತಕ್ಕಡಿ ನಮ್ಮ ಹಳೆಯ ತರ್ಕಶಾಸ್ತ್ರದಲ್ಲೇ ಇದೆ. ತರ್ಕಸಂಗ್ರಹದ ಪಾಠ ಕೇಳಿದವರಿಗೆ ಬೆಟ್ಟದ ಮೇಲಿನ ಹೊಗೆ ನೆನಪಿರುತ್ತದೆ. ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ಊಹಿಸುವುದು ಸರಿ. ಅದನ್ನೇ ತಿರುಗಿಸಿ, ಬೆಂಕಿ ಇದೆ, ಹಾಗಾಗಿ ಹೊಗೆ ಇರಲೇಬೇಕು ಎಂದರೆ ತಪ್ಪು. ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆ ಏಳುವುದು ಹಸಿ ಸೌದೆ ಸೇರಿದಾಗ. ಬೆಂಕಿಗೂ ಹೊಗೆಗೂ ನಡುವೆ ಸದ್ದಿಲ್ಲದೆ ಕೂತು, ಅವೆರಡಕ್ಕೂ ನೇರ ಸಂಬಂಧ ಇದೆಯೆಂಬ ಭ್ರಮೆ ಹುಟ್ಟಿಸುವ ಈ ಹಸಿ ಸೌದೆಗೆ ನೈಯಾಯಿಕರು 'ಉಪಾಧಿ' ಎಂದು ಹೆಸರಿಟ್ಟರು. ಇಂದಿನ ಸಾಂಕ್ರಾಮಿಕ ರೋಗಶಾಸ್ತ್ರಜ್ಞರು ಅಂಕಿಅಂಶಗಳ ನಡುವೆ ಹಗಲಿರುಳು ಹುಡುಕುವುದೂ ಇದನ್ನೇ. ವಸಡಿನ ರೋಗ ಬೆಂಕಿಯ ಸ್ಥಾನದಲ್ಲಿದೆ, ಶ್ವಾಸಕೋಶದ ಕ್ಯಾನ್ಸರ್ ಹೊಗೆಯ ಸ್ಥಾನದಲ್ಲಿದೆ. ನಡುವೆ ಹಸಿ ಸೌದೆ ಇದೆಯೇ ಎಂಬುದು ಪ್ರಶ್ನೆ. ಇಲ್ಲಿ ಆ ಸೌದೆಯ ಹೆಸರು ತಂಬಾಕಿನ ಹೊಗೆ ಎಂಬುದು ಕಾಕತಾಳೀಯ, ಆದರೆ ಮರೆಯದಿರಲು ಅನುಕೂಲ.

ಮೊದಲು ವಸಡನ್ನು ಹತ್ತಿರದಿಂದ ನೋಡೋಣ. ಆರೋಗ್ಯವಾದ ಬಾಯಲ್ಲಿ ಹಲ್ಲಿಗೂ ವಸಡಿಗೂ ನಡುವೆ ಒಂದರಿಂದ ಮೂರು ಮಿಲಿಮೀಟರ್ ಆಳದ ಸಣ್ಣ ಸಂದು ಇರುತ್ತದೆ. ದಂತವೈದ್ಯರು ಮಿಲಿಮೀಟರ್ ಗೆರೆ ಕೊರೆದ ತೆಳು ಕಡ್ಡಿಯೊಂದನ್ನು ಪ್ರತಿ ಹಲ್ಲಿನ ಸುತ್ತ ಮೆಲ್ಲಗೆ ಇಳಿಸಿ ಅದರ ಆಳ ಅಳೆಯುತ್ತಾರೆ. ಹಲ್ಲಿನ ಮೇಲೆ ಕಟ್ಟುವ ಬಿಳಿಯ ಅಂಟು ಪದರವನ್ನು ತೆಗೆಯದೆ ಬಿಟ್ಟರೆ ಅದು ಗಟ್ಟಿಯಾಗಿ ಕಿಟ್ಟವಾಗುತ್ತದೆ, ವಸಡು ಊದಿಕೊಳ್ಳುತ್ತದೆ, ಸಂದು ನಾಲ್ಕು, ಐದು, ಏಳು ಮಿಲಿಮೀಟರ್ ಆಳದ ಜೇಬಾಗುತ್ತದೆ. ಜೇಬಿನ ತಳದಲ್ಲಿ ಹಲ್ಲನ್ನು ಹಿಡಿದ ಮೂಳೆ ಕರಗುತ್ತಾ ಹೋಗುತ್ತದೆ. ಒಬ್ಬ ರೋಗಿಯ ಬಾಯಲ್ಲಿರುವ ಇಂಥ ಜೇಬುಗಳ ಒಳಗೋಡೆಯನ್ನೆಲ್ಲ ಬಿಚ್ಚಿ ಹಾಸಿದರೆ ಎಂಟರಿಂದ ಇಪ್ಪತ್ತು ಚದರ ಸೆಂಟಿಮೀಟರ್ ಆಗುತ್ತದೆ ಎಂದು ಸಂಶೋಧಕರು ಲೆಕ್ಕ ಹಾಕಿದ್ದಾರೆ. ಕೈಯ ಚರ್ಮದ ಮೇಲೆ ಇಷ್ಟಗಲದ ಹುಣ್ಣು ಇದ್ದರೆ ಯಾರೂ ವರ್ಷಗಟ್ಟಲೆ ಸುಮ್ಮನಿರುವುದಿಲ್ಲ. ವಸಡಿನದು ಕಾಣದ ಹುಣ್ಣು, ನೋವೂ ಕಡಿಮೆ. ಹಲ್ಲಿನ ಪದರದಲ್ಲಿ ಜೀವಿಗಳು ಓಡಾಡುವುದನ್ನು ಡಚ್ ಬಟ್ಟೆ ವ್ಯಾಪಾರಿ ಲೇವನ್‌ಹುಕ್ 1683ರಲ್ಲೇ ತನ್ನ ಮಸೂರದಲ್ಲಿ ಕಂಡು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದಿದ್ದ. ಇಂದು ಮನುಷ್ಯರ ಬಾಯಲ್ಲಿ ಗುರುತಿಸಿರುವ ಬ್ಯಾಕ್ಟೀರಿಯಾ ಜಾತಿಗಳು ಏಳುನೂರರ ಆಸುಪಾಸು. ಇಂಥ ನೆಲೆಯಿಂದ ಕೆಡುಕು ಶ್ವಾಸಕೋಶಕ್ಕೆ ಇಳಿಯಬಹುದೆಂಬ ಅನುಮಾನ ಮೂಡುವುದು ಸಹಜ.

ಅನುಮಾನಕ್ಕೆ ಅಂಕಿಗಳ ಬೆಂಬಲವೂ ಸಿಕ್ಕಿತು. ಅಮೆರಿಕದ ಆರೋಗ್ಯ ವೃತ್ತಿಯ 48,375 ಪುರುಷರನ್ನು 1986ರಿಂದ ಹಿಂಬಾಲಿಸಿದ ಅಧ್ಯಯನವೊಂದರ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ವಸಡಿನ ರೋಗ ಇದ್ದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಉಳಿದವರಿಗಿಂತ ಶೇ 36ರಷ್ಟು ಹೆಚ್ಚಿತ್ತು. ಈ ಅಧ್ಯಯನದಲ್ಲಿ ರೋಗ ಇದೆಯೋ ಇಲ್ಲವೋ ಎಂದು ಹೇಳಿದವರು ಭಾಗವಹಿಸಿದವರೇ. ಆ ಕೊರತೆಯನ್ನು 2018ರಲ್ಲಿ ಪ್ರಕಟವಾದ ಇನ್ನೊಂದು ಅಮೆರಿಕನ್ ಅಧ್ಯಯನ ತುಂಬಿತು. ಅಲ್ಲಿ 7,466 ಜನರ ಬಾಯನ್ನು ತಜ್ಞರೇ ಪರೀಕ್ಷಿಸಿದ್ದರು. ತೀವ್ರ ವಸಡಿನ ರೋಗ ಇದ್ದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಎರಡು ಪಟ್ಟಿಗೂ ಮಿಗಿಲಾಗಿ ಕಂಡಿತು. ನಡುವೆ 2016ರಲ್ಲಿ ಐದು ಅಧ್ಯಯನಗಳ 3,21,420 ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ ಹೆಚ್ಚಳ ಶೇ 24ರಷ್ಟು ಬಂದಿತ್ತು. ಬೇರೆ ಬೇರೆ ಕೈಗಳು ಬೇರೆ ಬೇರೆ ಅಳತೆಗೋಲು ಹಿಡಿದು ಅಳೆದರೂ ಮುಳ್ಳು ಒಂದೇ ದಿಕ್ಕಿಗೆ ವಾಲುತ್ತಿದೆ. ನಂಟು ಇದೆ, ಅದನ್ನು ಅಲ್ಲಗಳೆಯುವಂತಿಲ್ಲ.

ಆದರೆ ಆ ನಂಟಿನ ಗಾತ್ರ ನೋಡಿ. ಸಿಗರೇಟು ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಸೇದದವರಿಗಿಂತ ಹದಿನೈದರಿಂದ ಮೂವತ್ತು ಪಟ್ಟು. ಇಷ್ಟು ಬಲವಾದ ಕಾರಣ ಪಕ್ಕದಲ್ಲಿ ನಿಂತಿರುವಾಗ ಅದರ ನೆರಳು ಯಾರ ಮೇಲೆ ಬಿದ್ದರೂ ಅವರೂ ತಪ್ಪಿತಸ್ಥರಂತೆ ಕಾಣುತ್ತಾರೆ. ಒಂದು ಸಣ್ಣ ಲೆಕ್ಕ ಮಾಡೋಣ. ಸೇದದವನ ಅಪಾಯ 1 ಎಂದೂ ಸೇದುವವನದು 15 ಎಂದೂ ಇಟ್ಟುಕೊಳ್ಳಿ. ವಸಡಿನ ರೋಗ ಇರುವ ನೂರು ಜನರಲ್ಲಿ 40 ಮಂದಿ ಸೇದುವವರು, ರೋಗ ಇಲ್ಲದ ನೂರರಲ್ಲಿ 30 ಮಂದಿ. ಮೊದಲ ಗುಂಪಿನ ಒಟ್ಟು ಅಪಾಯ 60 ಕೂಡಿಸು 600, ಅಂದರೆ 660. ಎರಡನೆಯದು 70 ಕೂಡಿಸು 450, ಅಂದರೆ 520. ಭಾಗಿಸಿದರೆ 1.27. ವಸಡು ಏನೂ ಮಾಡಿಲ್ಲ, ಆದರೂ ಅದರ ಹೆಸರಿಗೆ ಶೇ 27ರಷ್ಟು ಹೆಚ್ಚುವರಿ ಅಪಾಯ ಬರೆದುಕೊಂಡಿತು. ಐದು ಅಧ್ಯಯನಗಳನ್ನು ಸೇರಿಸಿ ಬಂದ ಶೇ 24ನ್ನು ಈ ಕಾಲ್ಪನಿಕ ಲೆಕ್ಕದ ಪಕ್ಕದಲ್ಲಿಟ್ಟು ನೋಡಿದರೆ ಎಚ್ಚರ ಏಕೆ ಬೇಕೆಂಬುದು ತಿಳಿಯುತ್ತದೆ.

ಇಲ್ಲಿ ಮೊದಲ ಆಕ್ಷೇಪ ಬರುತ್ತದೆ. ಸಂಶೋಧಕರೇನು ಅಷ್ಟು ತಿಳಿಯದವರೇ? ಯಾರು ಎಷ್ಟು ಸೇದುತ್ತಾರೆಂದು ಕೇಳಿ, ಆ ವ್ಯತ್ಯಾಸವನ್ನು ಲೆಕ್ಕದಿಂದ ಕಳೆದ ಮೇಲೆ ಉಳಿದದ್ದೇ ಈ ಶೇ 24, ಈ ಶೇ 36. ಆಕ್ಷೇಪ ನ್ಯಾಯವಾದದ್ದು. ಉತ್ತರ ಇರುವುದು ಪ್ರಶ್ನಾವಳಿಯ ದೌರ್ಬಲ್ಯದಲ್ಲಿ. ದಿನಕ್ಕೆ ಎಷ್ಟು ಎಂದು ಕೇಳಿದರೆ ಜನ ದುಂಡು ಸಂಖ್ಯೆ ಹೇಳುತ್ತಾರೆ, ಸ್ವಲ್ಪ ಕಡಿಮೆಯನ್ನೇ ಹೇಳುತ್ತಾರೆ. ಎಷ್ಟು ಆಳಕ್ಕೆ ಎಳೆದರು, ಎಷ್ಟು ಸಲ ಬಿಟ್ಟು ಮತ್ತೆ ಹಿಡಿದರು, ಎಷ್ಟು ವರ್ಷ ಹೊಗೆ ತುಂಬಿದ ಕೋಣೆಯಲ್ಲಿ ದುಡಿದರು ಎಂಬುದು ಕಾಗದದ ಮೇಲೆ ಬರುವುದಿಲ್ಲ. ವಸಡಿನ ಮೇಲೆ ಮಾತ್ರ ಬರುತ್ತದೆ. ಸೇದುವವರಲ್ಲಿ ವಸಡಿನ ರೋಗ ಸೇದದವರಿಗಿಂತ ಸುಮಾರು ನಾಲ್ಕು ಪಟ್ಟು, ಸೇದುವುದು ಹೆಚ್ಚಿದಂತೆ ರೋಗವೂ ಹೆಚ್ಚು. ಅಮೆರಿಕದ ವಯಸ್ಕರ ವಸಡಿನ ರೋಗದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಈಗಿನ ಅಥವಾ ಹಿಂದಿನ ಸೇದುವಿಕೆಯದೇ ಎಂದು 2000ದಲ್ಲಿ ಪ್ರಕಟವಾದ ಲೆಕ್ಕವೊಂದು ತೋರಿಸಿತು. ಹಾಗಾದರೆ ಕರಗಿದ ಮೂಳೆ, ಆಳವಾದ ಜೇಬು ಎನ್ನುವುದು ಆ ವ್ಯಕ್ತಿ ಜೀವಮಾನದಲ್ಲಿ ಒಳಗೆ ಎಳೆದ ಹೊಗೆಯ ಖಾತೆಪುಸ್ತಕ. ಪ್ರಶ್ನಾವಳಿಗಿಂತ ವಸಡು ಹೆಚ್ಚು ಪ್ರಾಮಾಣಿಕ. ಪ್ರಶ್ನಾವಳಿ ಹೇಳಿದ ಹೊಗೆಯನ್ನು ಕಳೆದರೂ ವಸಡು ಬರೆದಿಟ್ಟ ಹೊಗೆ ಬಾಕಿ ಉಳಿಯುತ್ತದೆ, ಆ ಬಾಕಿ ವಸಡಿನದೇ ಅಪರಾಧದಂತೆ ತೋರುತ್ತದೆ.

ಇದು ಬರಿಯ ಊಹೆಯಾಗಿ ನಿಲ್ಲಬೇಕಿಲ್ಲ, ಪರೀಕ್ಷಿಸಬಹುದು. ಬೇಕಿರುವುದು ಕಾದ ಕಬ್ಬಿಣದ ಗುಂಡು, ಅಂದರೆ ಸೌದೆ ಇಲ್ಲದ ಬೆಂಕಿ: ವಸಡಿನ ರೋಗ ಇದೆ, ಆದರೆ ಜೀವಮಾನದಲ್ಲಿ ಸೇದಿಲ್ಲ. ವಸಡೇ ಕಾರಣವಾದರೆ ಇಂಥವರಲ್ಲೂ ನಂಟು ಉಳಿಯಬೇಕು. ವಸಡು ಬರಿಯ ಖಾತೆಪುಸ್ತಕವಾದರೆ ನಂಟು ಅಳಿಸಿಹೋಗಬೇಕು. ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯೊಂದರ 11,328 ಜನರನ್ನು ಆಧರಿಸಿ 2003ರಲ್ಲಿ ಬಂದ ವಿಶ್ಲೇಷಣೆಯಲ್ಲಿ ಎಲ್ಲರನ್ನೂ ಸೇರಿಸಿದಾಗ ಅಪಾಯ ಶೇ 73ರಷ್ಟು ಹೆಚ್ಚಿತ್ತು. ಎಂದೂ ಸೇದದವರನ್ನಷ್ಟೇ ತೆಗೆದುಕೊಂಡಾಗ ನಂಟು ಕಾಣಲಿಲ್ಲ. ಆಗಲೇ ಹೇಳಿದ 2008ರ ಅಧ್ಯಯನದಲ್ಲೂ ಎಂದೂ ಸೇದದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ನಂಟು ಇರಲಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ ಅದೇ ಗುಂಪಿನಲ್ಲಿ ರಕ್ತದ ಕ್ಯಾನ್ಸರುಗಳೊಂದಿಗಿನ ನಂಟು ಮಾತ್ರ ಉಳಿಯಿತು. ಹಾಗಾಗಿ ಜರಡಿಯ ಕಣ್ಣೇ ದೊಡ್ಡದಾಗಿತ್ತು, ಎಲ್ಲವೂ ಸೋರಿಹೋಯಿತು ಎನ್ನುವಂತಿಲ್ಲ. ಮುಟ್ಟು ನಿಂತ ಅಮೆರಿಕನ್ ಮಹಿಳೆಯರ ದೊಡ್ಡ ಅಧ್ಯಯನವೊಂದು 2014ರಲ್ಲಿ ಹೇಳಿದ್ದೂ ಎಂದೂ ಸೇದದವರಲ್ಲಿ ಶ್ವಾಸಕೋಶದ ಕ್ಯಾನ್ಸರಿನ ನಂಟಿಲ್ಲ ಎಂದೇ. ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಸೇದದವರಲ್ಲಿ ಈ ಕ್ಯಾನ್ಸರ್ ವಿರಳ, ಹಾಗಾಗಿ ಸಣ್ಣ ನಂಟೊಂದು ಇದ್ದರೂ ಕಣ್ಣಿಗೆ ಬೀಳದೆ ಹೋಗಿರಬಹುದು. ಆದರೆ ಪ್ರಮಾಣದ ಹೊರೆ ಇರುವುದು ಕಾರಣ ಎನ್ನುವವರ ಮೇಲೆ.

ಎರಡನೆಯ ಆಕ್ಷೇಪ ಪ್ರಯೋಗಾಲಯದಿಂದ ಬರುತ್ತದೆ, ಇದು ಹೆಚ್ಚು ಗಟ್ಟಿ. ಬಾಯಿಂದ ಶ್ವಾಸಕೋಶಕ್ಕೆ ದಾರಿ ಇದೆ ಎಂಬುದು ಖಚಿತ. ಆರೋಗ್ಯವಂತರಲ್ಲಿಯೂ ಹೆಚ್ಚುಕಡಿಮೆ ಅರ್ಧದಷ್ಟು ಜನರಲ್ಲಿ ಗಾಢನಿದ್ದೆಯ ಹೊತ್ತು ಜೊಲ್ಲು ಹನಿಹನಿಯಾಗಿ ಶ್ವಾಸನಾಳಕ್ಕೆ ಇಳಿಯುತ್ತದೆ ಎಂದು 1978ರಷ್ಟು ಹಿಂದೆಯೇ ತೋರಿಸಲಾಗಿತ್ತು. ನ್ಯೂಯಾರ್ಕಿನ ಸಂಶೋಧಕರು 2018ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇರುವವರ ಕೆಳಗಿನ ಶ್ವಾಸನಾಳಗಳಲ್ಲಿ ಬಾಯಿಯ ವಾಸಿಗಳಾದ ಸ್ಟ್ರೆಪ್ಟೊಕಾಕಸ್, ವೀಲೊನೆಲ್ಲಾ ಬ್ಯಾಕ್ಟೀರಿಯಾಗಳು ಹೆಚ್ಚಿರುವುದನ್ನು ಕಂಡರು. ಅಲ್ಲಿನ ಜೀವಕೋಶಗಳಲ್ಲಿ ಕ್ಯಾನ್ಸರಿಗೆ ಅನುಕೂಲವಾದ ಸಂಕೇತಗಳೂ ಚುರುಕಾಗಿದ್ದವು. ಅದೇ ತಂಡ 2021ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇದ್ದ ಇಲಿಗಳ ಶ್ವಾಸನಾಳಕ್ಕೆ ವೀಲೊನೆಲ್ಲಾ ಬಿಟ್ಟು ನೋಡಿದಾಗ ಗಡ್ಡೆ ಬೇಗ ಬೆಳೆಯಿತು, ಇಲಿಗಳು ಬೇಗ ಸತ್ತವು. ಇದು ಒಳ್ಳೆಯ ವಿಜ್ಞಾನ, ಮುಂದೆ ಚಿಕಿತ್ಸೆಗೆ ದಾರಿ ತೋರಬಹುದು. ಆದರೆ ಇದು ಏನನ್ನು ಹೇಳುತ್ತಿಲ್ಲ ಎಂಬುದನ್ನೂ ನೋಡಬೇಕು. ಇಲಿಗೆ ಕ್ಯಾನ್ಸರ್ ತಂದದ್ದು ವೀಲೊನೆಲ್ಲಾ ಅಲ್ಲ, ಬಂದಿದ್ದ ಕ್ಯಾನ್ಸರಿಗೆ ಅದು ಗೊಬ್ಬರ ಹಾಕಿತು. ಮೇಲಾಗಿ ವೀಲೊನೆಲ್ಲಾ ವಸಡಿನ ರೋಗದ ಕುಖ್ಯಾತ ಅಪರಾಧಿಯಲ್ಲ, ಚೆನ್ನಾಗಿ ಹಲ್ಲುಜ್ಜುವವರ ಬಾಯಲ್ಲೂ ಧಾರಾಳವಾಗಿ ಇರುವ ಜೀವಿ. ದಾರಿ ಇದೆ ಎಂದ ಮಾತ್ರಕ್ಕೆ ಕಳ್ಳ ಅದೇ ದಾರಿಯಲ್ಲಿ ಬಂದ ಎಂದಾಗುವುದಿಲ್ಲ.

ಮೂರನೆಯ ಆಕ್ಷೇಪಕ್ಕೆ ಆಧಾರ ಶಾಂಘೈ ನಗರ. ಅಲ್ಲಿ ಎಂದೂ ಸೇದದ 114 ಜನ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳು ರೋಗ ಬರುವ ಮುಂಚೆ ಬಾಯಿ ಮುಕ್ಕಳಿಸಿ ಕೊಟ್ಟಿದ್ದ ನೀರನ್ನು, ಅಷ್ಟೇ ಸಂಖ್ಯೆಯ ಆರೋಗ್ಯವಂತರ ನೀರಿನೊಂದಿಗೆ ಸಂಶೋಧಕರು ಹೋಲಿಸಿದರು. ಬಾಯಿಯ ಬ್ಯಾಕ್ಟೀರಿಯಾಗಳಲ್ಲಿ ವೈವಿಧ್ಯ ಕಡಿಮೆ ಇದ್ದವರಿಗೆ ಮುಂದೆ ಕ್ಯಾನ್ಸರ್ ಬಂದದ್ದು ಹೆಚ್ಚು. ಸೌದೆ ಇಲ್ಲದ ಬೆಂಕಿ ಸಿಕ್ಕಿತಲ್ಲ ಎಂದು ಯಾರಾದರೂ ಕೇಳಬಹುದು. ಆದರೆ ವಿವರ ಓದಿದರೆ ಕಥೆ ತಿರುವು ಪಡೆಯುತ್ತದೆ. ಅಪಾಯ ಕಡಿಮೆ ಇದ್ದದ್ದು ಬ್ಯಾಕ್ಟೀರಾಯ್ಡೀಟೀಸ್, ಸ್ಪೈರೊಕೀಟ್ ವರ್ಗಗಳು ಹೆಚ್ಚಿದ್ದವರಲ್ಲಿ. ವಸಡಿನ ರೋಗದ ಪ್ರಮುಖ ಆರೋಪಿಗಳಾದ ಪೋರ್ಫಿರೊಮೊನಾಸ್ ಜಿಂಜಿವಾಲಿಸ್, ಟ್ರೆಪೊನೀಮಾ ಡೆಂಟಿಕೋಲಾ ಸೇರುವುದು ಇದೇ ವರ್ಗಗಳಿಗೆ! ಜೇಬು ಆಳವಾದಂತೆ ಅಲ್ಲಿನ ಬ್ಯಾಕ್ಟೀರಿಯಾ ವೈವಿಧ್ಯ ಸಾಮಾನ್ಯವಾಗಿ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ಹಾಗಾದರೆ ವಸಡಿನ ರೋಗವೇ ರಕ್ಷಣೆ ಎನ್ನೋಣವೇ? ಅದು ಇನ್ನೂ ದೊಡ್ಡ ಅವಿವೇಕ, ಏಕೆಂದರೆ ಒಂದೇ ವರ್ಗದೊಳಗೆ ಸಾಧು ಜೀವಿಗಳೂ ಬೇಕಾದಷ್ಟಿವೆ. ಶಾಂಘೈ ಹೇಳುವುದು ಇಷ್ಟೇ: ಬಾಯಿಯ ಜೀವಿಲೋಕಕ್ಕೂ ಶ್ವಾಸಕೋಶಕ್ಕೂ ನಡುವೆ ಏನೋ ಇದೆ, ಆದರೆ ಅದು ಆರೋಗ್ಯ ಪುಟದ ಸರಳ ಕಥೆಯಲ್ಲ. ಆ ಕಥೆಗೆ ಸಾಕ್ಷಿಯಾಗಿ ಕರೆದವರು ಕಟಕಟೆಯಲ್ಲಿ ಬೇರೆಯದೇ ಹೇಳಿಕೆ ಕೊಟ್ಟಿದ್ದಾರೆ.

ನಾಲ್ಕನೆಯ ಆಕ್ಷೇಪ ವ್ಯವಹಾರಸ್ಥರದು. ಕಾರಣವೋ ಅಲ್ಲವೋ, ಕ್ಯಾನ್ಸರಿನ ಭಯದಿಂದಲಾದರೂ ಜನ ಹಲ್ಲುಜ್ಜಿದರೆ ನಷ್ಟವೇನು? ನಷ್ಟ ಇದೆ, ಅದಕ್ಕೆ ಇತಿಹಾಸವೇ ಪ್ರಮಾಣ. 1910ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಮಾಂಟ್ರಿಯಲ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ ಬಾಯಿಯ ಕೀವು ದೇಹದ ಹಲವು ರೋಗಗಳ ಮೂಲ ಎಂದು ಸಾರಿದ. ಆ ವಾದ ಅಟ್ಲಾಂಟಿಕ್‌ನ ಎರಡೂ ದಡಗಳಲ್ಲಿ ಹಬ್ಬಿ, ಸಂಧಿವಾತಕ್ಕೂ ಮೂತ್ರಪಿಂಡದ ರೋಗಕ್ಕೂ ಹಲ್ಲು ಕೀಳುವುದೇ ಮದ್ದಾಯಿತು. ಅಮೆರಿಕದ ನ್ಯೂಜರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಕಾಟನ್ ಹುಚ್ಚಿಗೂ ಬಾಯಿಯ ಸೋಂಕೇ ಕಾರಣವೆಂದು ನಂಬಿ ರೋಗಿಗಳ ಹಲ್ಲುಗಳನ್ನು ಸಾಲುಸಾಲಾಗಿ ಕೀಳಿಸಿದ, ಹಲ್ಲಿನ ನಂತರ ಟಾನ್ಸಿಲ್, ಕೊನೆಗೆ ದೊಡ್ಡ ಕರುಳಿನವರೆಗೂ ಹೋದ. 1940ರಲ್ಲಿ ಇಬ್ಬರು ವೈದ್ಯರು ಪುರಾವೆಗಳನ್ನು ಮೊದಲಿಂದ ಜಾಲಾಡಿ ಈ ಸಿದ್ಧಾಂತಕ್ಕೆ ತಳಪಾಯವಿಲ್ಲ ಎಂದು ತೋರಿಸುವ ಹೊತ್ತಿಗೆ ಲೆಕ್ಕವಿಲ್ಲದಷ್ಟು ಬಾಯಿಗಳು ಬೊಚ್ಚಾಗಿದ್ದವು. ಇಂದು ಯಾರೂ ಕ್ಯಾನ್ಸರಿಗೆ ಹೆದರಿ ಹಲ್ಲು ಕೀಳಿಸುವುದಿಲ್ಲ, ಅಪಾಯ ಬೇರೆ ರೂಪದಲ್ಲಿದೆ. ಬೀಡಿ ಬಿಡಲಾಗದವನಿಗೆ ಮೌತ್‌ವಾಶ್ ಒಂದು ಸಮಾಧಾನವಾಗುತ್ತದೆ. ಸೇದುವುದನ್ನು ಬಿಟ್ಟ ಹತ್ತು ವರ್ಷದ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ ಸೇದುತ್ತಲೇ ಇರುವವರಿಗೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಕಿಟ್ಟ ತೆಗೆಸಿದ್ದರಿಂದ ಆ ಅಪಾಯ ಇಳಿದ ಪುರಾವೆ ಇಲ್ಲ. ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಒಂದರ ಕೆಳಗೊಂದು ಅಚ್ಚು ಹಾಕಿದರೆ ಓದುಗ ಸುಲಭವಾದದ್ದನ್ನೇ ಆರಿಸಿಕೊಳ್ಳುತ್ತಾನೆ.

ಇಷ್ಟೆಲ್ಲ ಕೇಳಿದ ಮೇಲೆ ಎದುರು ದಿಕ್ಕಿನಿಂದ ಒಂದು ಮಾತು ಬರಬಹುದು: ಹಾಗಾದರೆ ವಸಡನ್ನು ಮರೆತುಬಿಡೋಣ. ಅದೂ ಅವಸರ. ಬಾಯಿ ಶ್ವಾಸಕೋಶಕ್ಕೆ ಕೇಡು ಮಾಡುವುದು ಸಿದ್ಧವಾಗಿರುವ ಒಂದು ಕಡೆ ಇದೆ, ಅದು ನ್ಯುಮೋನಿಯಾ. ಜಪಾನಿನ ಹನ್ನೊಂದು ವೃದ್ಧಾಶ್ರಮಗಳಲ್ಲಿ ನಿವಾಸಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಬಾಯನ್ನು ಎರಡು ವರ್ಷ ಆರೈಕೆದಾರರೇ ಪ್ರತಿ ಊಟದ ನಂತರ ಉಜ್ಜಿ ಶುಚಿ ಮಾಡಿದರು. 1999ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಗುಂಪಿನಲ್ಲಿ ನ್ಯುಮೋನಿಯಾ ಶೇ 11, ಇನ್ನೊಂದರಲ್ಲಿ ಶೇ 19. 'ಆದ್ದರಿಂದ' ಎನ್ನುವ ಹಕ್ಕನ್ನು ಸಂಪಾದಿಸುವುದು ಹೀಗೆ. ಹಾಸಿಗೆ ಹಿಡಿದ ಅಜ್ಜನ ಬಾಯಿ ತೊಳೆಯಲು ಕ್ಯಾನ್ಸರಿನ ಹೆದರಿಕೆ ಬೇಕಿಲ್ಲ, ಈ ಎರಡು ಅಂಕಿ ಸಾಕು.

ಇನ್ನು ನಮ್ಮ ಕಡೆಗೆ ಬರೋಣ. ಈ ಅಧ್ಯಯನಗಳಲ್ಲಿ ಹೆಚ್ಚಿನವು ನಡೆದದ್ದು ತಂಬಾಕು ಎಂದರೆ ಸಿಗರೇಟು ಎಂದೇ ಅರ್ಥವಿರುವ ಸಮಾಜದಲ್ಲಿ. ಅಲ್ಲಿ ವಸಡನ್ನು ಕೆಡಿಸುವ ವಸ್ತುವೂ ಶ್ವಾಸಕೋಶವನ್ನು ಕೆಡಿಸುವ ವಸ್ತುವೂ ಒಂದೇ ಆದ್ದರಿಂದ ಸೌದೆಯನ್ನೂ ಬೆಂಕಿಯನ್ನೂ ಬೇರ್ಪಡಿಸುವುದು ಕಷ್ಟ. ಕರ್ನಾಟಕದಲ್ಲಿ ಅವು ತಾವಾಗಿಯೇ ಬೇರೆಯಾಗಿವೆ. 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ವಯಸ್ಕರಲ್ಲಿ ಸೇದುವವರು ಶೇ 8.8, ಅಗಿಯುವ, ತಿಕ್ಕುವ, ತುಟಿಯೊಳಗೆ ಇಡುವವರು ಶೇ 16.3. ಸೇದದೆ ಅಗಿದರೂ ನಾವದನ್ನು ಹೊಗೆಸೊಪ್ಪು ಎಂದೇ ಕರೆಯುತ್ತೇವೆ ಎಂಬುದು ಬೇರೆ ಮಾತು. ಎಲೆಅಡಿಕೆಯೊಂದಿಗೆ ಹೊಗೆಸೊಪ್ಪು, ಕಡ್ಡಿಪುಡಿ ಇವು ವಸಡನ್ನು ತಿನ್ನುತ್ತವೆ, ಬಾಯಿ, ಅನ್ನನಾಳ, ಮೇದೋಜೀರಕ ಗ್ರಂಥಿಗಳಿಗೆ ಕ್ಯಾನ್ಸರ್ ತರುತ್ತವೆ. ಇದನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಖಚಿತಪಡಿಸಿದೆ. ಶ್ವಾಸಕೋಶ ಆ ಖಚಿತ ಪಟ್ಟಿಯಲ್ಲಿ ಇಲ್ಲ. 2022ರ ಅಂದಾಜಿನಲ್ಲಿ ಭಾರತದ ಬಾಯಿ ಕ್ಯಾನ್ಸರ್ ಹೊಸ ರೋಗಿಗಳು ಸುಮಾರು 1.43 ಲಕ್ಷ, ಶ್ವಾಸಕೋಶದವರು ಸುಮಾರು 81 ಸಾವಿರ. ಇದರಿಂದಲೇ ತೀರ್ಪು ಕೊಡಲಾಗದು, ನಿಜ. ಆದರೆ ಎಂದೂ ಸೇದದ, ಹೊಗೆಸೊಪ್ಪು ಅಗಿದು ವಸಡು ಕೆಟ್ಟ ಸಾವಿರಾರು ಜನರನ್ನು ಹತ್ತಿಪ್ಪತ್ತು ವರ್ಷ ಹಿಂಬಾಲಿಸಿದರೆ ಅಮೆರಿಕಕ್ಕೆ ಬಿಡಿಸಲಾಗದ ಗಂಟು ಇಲ್ಲಿ ಬಿಚ್ಚಬಹುದು. ಬೆಂಗಳೂರಿನಲ್ಲಿ 1982ರಿಂದ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ, ದಂತ ವೈದ್ಯಕೀಯ ಕಾಲೇಜುಗಳಿಗೆ ರಾಜ್ಯದಲ್ಲಿ ಬರವಿಲ್ಲ. ಅಲ್ಲಿ ಅಳೆದ ಜೇಬಿನ ಆಳವನ್ನೂ ಇಲ್ಲಿ ದಾಖಲಾದ ಹೆಸರನ್ನೂ ಜೋಡಿಸುವ ಕೈ ಬೇಕು. ಜೋಡಿಸುವಾಗ ಇನ್ನೊಂದು ಉಪಾಧಿಯನ್ನು ಮರೆಯಬಾರದು, ಸೌದೆ ಒಲೆಯ ಮುಂದೆ ವರ್ಷಗಟ್ಟಲೆ ಕೂತ ಹೆಂಗಸರು ಕುಡಿದ ಹೊಗೆ. ಅಲ್ಲಿ ಹಸಿ ಸೌದೆ ಎಂಬುದು ತರ್ಕದ ದೃಷ್ಟಾಂತವಾಗಿ ಉಳಿಯುವುದಿಲ್ಲ.

ಆ ಅಧ್ಯಯನ ಬರುವತನಕ ಕೈಕಟ್ಟಿ ಕೂರಬೇಕಿಲ್ಲ. ವಸಡು ಹೊಗೆಯ ಖಾತೆಪುಸ್ತಕ ಎಂದೆ. ಪುಸ್ತಕವನ್ನು ದೂರುವುದಕ್ಕಿಂತ ಓದುವುದು ಒಳ್ಳೆಯದು. ಅದನ್ನು ಓದಲು ಕೂರುವವರು ದಂತವೈದ್ಯರು. ನಲವತ್ತು ದಾಟಿದ, ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿರುವ ಬೀಡಿ ಸೇದುವವನು ಎದೆಯ ವೈದ್ಯರ ಬಳಿ ಹೋಗುವುದು ಕೆಮ್ಮಿನಲ್ಲಿ ರಕ್ತ ಕಂಡ ಮೇಲೆ. ಹಲ್ಲುನೋವಿಗೆ ಮಾತ್ರ ಎಷ್ಟೋ ವರ್ಷ ಮುಂಚೆಯೇ ಬಂದು ಕುರ್ಚಿಯಲ್ಲಿ ಒರಗಿ ಬಾಯಿ ತೆರೆಯುತ್ತಾನೆ. ಅವನ ವಸಡಿನಲ್ಲಿ ರಕ್ತ ಸುಲಭವಾಗಿ ಜಿನುಗದಿರಬಹುದು, ಏಕೆಂದರೆ ತಂಬಾಕು ವಸಡಿನಲ್ಲಿ ರಕ್ತ ಒಸರುವುದನ್ನು ತಗ್ಗಿಸಿ ರೋಗವನ್ನು ಮರೆಮಾಡುತ್ತದೆ. ಗೆರೆ ಕೊರೆದ ಆ ತೆಳು ಕಡ್ಡಿ ಇಳಿದಾಗ ಮಾತ್ರ ಮೋಸ ಹೊರಬೀಳುತ್ತದೆ. ಆಗ ವೈದ್ಯರು ಆಡಬೇಕಾದ ಮಾತು 'ಸರಿಯಾಗಿ ಉಜ್ಜದಿದ್ದರೆ ಕ್ಯಾನ್ಸರ್ ಬರುತ್ತದೆ' ಎಂದಲ್ಲ. 'ನಿಮ್ಮ ವಸಡಿನಲ್ಲಿ ಆರು ಮಿಲಿಮೀಟರ್ ಕಾಣುತ್ತಿದೆ, ಇದನ್ನು ಮಾಡಿದ ಹೊಗೆ ಇಲ್ಲಿಗೇ ನಿಂತಿಲ್ಲ, ಕೆಳಕ್ಕೂ ಇಳಿದಿದೆ, ಬಿಡಲು ಸಹಾಯ ಬೇಕೇ?' ಎಂದು. ಕಿಟ್ಟ ತೆಗೆಯುವ ಕೆಲಸ ಆ ಪ್ರಶ್ನೆಗೆ ಉತ್ತರ ಬಂದ ಮೇಲೆ ಶುರುವಾಗಲಿ.